ಕಾಡಿಗೆಯ ಕುಂದು

ಹೊಳೆಯ ದಂಡೆಯಲ್ಲಿ ಹಾಲವ್ವನ ಗುಡಿಸಲು. ಅವಳು ಸಾಕುತ್ತಿದ್ದದ್ದು ಕುರಿ ಕಾಯುವ ನಾಯಿಗಳನ್ನು. ಎಂಟು ತಲೆಮಾರಿನಿಂದ ಒಂದೇ ತಳಿ. ತೋಳ ಬಂದರೆ ಹಿಂಡು ಬಿಟ್ಟು ಹೆಜ್ಜೆ ಹಿಂದಿಡದ ನಾಯಿಗಳು. ಒಂದು ಮರಿಗಾಗಿ ಕುರುಬರು ನಾಲ್ಕು ದಿನದ ದಾರಿ ನಡೆದು ಬರುತ್ತಿದ್ದರು.

ಮರಿ ಕೊಡುವುದಕ್ಕೆ ಅವಳದೊಂದು ಕ್ರಮವಿತ್ತು. ಬಂದವರ ಕೈಯನ್ನು ಮರಿಯ ತಲೆಯ ಮೇಲೆ ಇಡಿಸಿ, ಅದರ ಹಿಂದಿನವರ ಕಥೆಯನ್ನೆಲ್ಲ ಹೇಳುವುದು. ಮೊದಲು ಹೆಸರು, ಆಮೇಲೆ ಕುಂದು. ಗುಣದ ಮಾತೇ ಇಲ್ಲ.

ಶಿಷ್ಯ ಲಗಮಣ್ಣ ಬಂದ ಹೊಸದರಲ್ಲಿ, ಗುಣ ಯಾಕೆ ಹೇಳುವುದಿಲ್ಲ ಎಂದು ಕೇಳಿದ್ದ.

"ಗುಣ ತಾನಾಗಿ ಕಾಣುತ್ತದೆ," ಅಂದಿದ್ದಳು ಹಾಲವ್ವ. "ಕುಂದು ಕಾಣುವ ಹೊತ್ತಿಗೆ ಕುರಿ ಸತ್ತಿರುತ್ತದೆ."

ಆಮೇಲೆ ಒಂಬತ್ತು ವರ್ಷ ಕಳೆಯಿತು. ಹಾಲವ್ವನ ಕಣ್ಣು ಮಂಜಾಗುತ್ತ ಬಂದು ಪೂರಾ ಹೋಯಿತು. ಹಲ್ಲು, ಉಗುರು, ನಡಿಗೆ ಎಲ್ಲವನ್ನೂ ಲಗಮಣ್ಣ ನೋಡಿ ಹೇಳಬೇಕು, ಅವಳು ನಂಬಬೇಕು. ತಳಿಯನ್ನು ಅವನ ಕೈಗೆ ಒಪ್ಪಿಸುವ ದಿನ ಗೊತ್ತಾಯಿತು. ಆ ದಿನ ಅವನು ಅವಳೆದುರು ಕೂತು ಇಡೀ ಕಥೆ ಒಪ್ಪಿಸಬೇಕಿತ್ತು.

ಅವನು ಒಪ್ಪಿಸಿದ. ಮೊದಲಿನವಳು ಜೀರಿಗೆ, ಗುಡುಗಿಗೆ ಹೆದರುತ್ತಿದ್ದಳು. ಅವಳ ಮಗಳು ಹುಣಸಿ, ಎಡಗಿವಿ ಕೇಳುತ್ತಿರಲಿಲ್ಲ. ಅವಳ ಮಗಳು ಚುಕ್ಕಿ, ಚೊಚ್ಚಲ ಹೆರಿಗೆಯಲ್ಲಿ ತನ್ನ ಮರಿಯನ್ನೇ ತಿಂದಳು. ಹೀಗೆ ಒಬ್ಬೊಬ್ಬರದಾಗಿ, ಎಲ್ಲೂ ತಡವರಿಸದೆ, ಎಂಟನೆಯ ತಲೆಮಾರಿಗೆ ಬಂದ.

"ಈಗಿನ ಬೀಜದ ನಾಯಿ ಕಾಡಿಗೆ. ಕುಂದಿಲ್ಲ."

ಹಾಲವ್ವನ ಕೈ ಪಕ್ಕದಲ್ಲಿ ಮಲಗಿದ್ದ ಕಾಡಿಗೆಯ ಬೆನ್ನ ಮೇಲಿತ್ತು. "ನೋಡಿದ್ದೀಯಾ?" ಅಂದಳು. ಅದೂ ಕ್ರಮವೇ.

"ನೋಡಿದ್ದೇನೆ ಅವ್ವಾ."

ನೋಡಿದ್ದ. ಅದೇ ತೊಂದರೆ. ನಾಲ್ಕು ವರ್ಷದ ಹಿಂದೆ, ಒಂದು ವರ್ಷದವನಿದ್ದಾಗ, ಕಾಡಿಗೆ ಹಿಂದಿನ ದಿನವಷ್ಟೇ ಹುಟ್ಟಿದ್ದ ಕುರಿಮರಿಯನ್ನು ಕೊಂದಿದ್ದ. ಕುರಿಮರಿ ಕೊಂದ ನಾಯಿಯಿಂದ ತಳಿ ಬೆಳೆಸುವಂತಿಲ್ಲ. ಆದರೆ ಆ ವರ್ಷ ರೋಗ ಬಂದು ಉಳಿದ ಗಂಡುಗಳೆಲ್ಲ ಹೋಗಿದ್ದವು, ಉಳಿದವನು ಇವನೊಬ್ಬನೇ. ಲಗಮಣ್ಣ ಕುರಿಮರಿಯನ್ನು ಹೊಳೆಯ ಮರಳಲ್ಲಿ ಹೂತು, ತೋಳ ಹೊತ್ತೊಯ್ದಿತು ಅಂದ. ಒಂದೇ ಸಲ ತಾನೇ, ಎಂದುಕೊಂಡ. ಅಲ್ಲಿಂದ ಈಚೆಗೆ ಕಾಡಿಗೆಯ ಮರಿಗಳು ಹನ್ನೊಂದು ಹಟ್ಟಿಗೆ ಹೋಗಿದ್ದವು.

ಕಥೆ ಮುಗಿಯುತ್ತಿದ್ದಂತೆ ಮಾಳಪ್ಪ ಬಂದ. ಎರಡು ವರ್ಷದ ಹಿಂದೆ ಕಾಡಿಗೆಯ ಮರಿ ಒಯ್ದಿದ್ದ ಕುರುಬ. ಹಗ್ಗ ಹಿಡಿದು ಎಳೆದು ತಂದ ನಾಯಿಯ ಬಾಯಿಗೆ ಕಂಬಳಿಯ ಚೂರು ಬಿಗಿದಿತ್ತು.

ಬಂದವನೇ ಎಂದಿನಂತೆ ಲಗಮಣ್ಣನನ್ನು ಕೆಣಕಿದ. "ಏನೋ ತಮ್ಮಾ, ಹೆಣ್ಣು ಕೊಡಲು ಬಂದವರಿಗೂ ಅವರ ಮನೆತನದ ಕುಂದು ಕೇಳಿದೆಯಂತೆ? ಎದ್ದು ಓಡಿದರಂತಲ್ಲ."

ನಕ್ಕವನು ಅವನೊಬ್ಬನೇ. ಆಮೇಲೆ ಅವನ ಮುಖ ಸಣ್ಣದಾಯಿತು. ಜಗಳಕ್ಕೆ ಬಂದಿಲ್ಲ, ತಪ್ಪೊಪ್ಪಿಕೊಳ್ಳಲು ಬಂದೆ ಅಂದ. ಇಷ್ಟು ಒಳ್ಳೆಯ ತಳಿಯ ನಾಯಿಯನ್ನು ತಮ್ಮ ಹಟ್ಟಿಯವರು ಕೆಡಿಸಿಬಿಟ್ಟರು. ಎರಡು ದಿನದಲ್ಲಿ ಏಳು ಕುರಿಮರಿ ಕೊಂದಿದೆ.

"ಇದಕ್ಕೆ ಅನ್ನ ಹಾಕುತ್ತಿದ್ದವಳು ನನ್ನ ಸೊಸೆ ಸಾಂವಕ್ಕ. ತಳಿಯಲ್ಲಿ ಆ ಕುಂದಿಲ್ಲ ಅಂತ ಇದರ ತಲೆ ಮೇಲೆ ಕೈಯಿಟ್ಟು ನಾನೇ ಕೇಳಿದ್ದೇನೆ. ಅಂದಮೇಲೆ ಅವಳು ಉಪವಾಸ ಕೆಡವಿರಬೇಕು. ಇಲ್ಲ, ದಿನಾ ಹಾಕಿದ್ದೇನೆ ಅಂತ ಕೂಸನ್ನು ಮುಟ್ಟಿ ಆಣೆ ಮಾಡಿದಳು. ಯಾರು ನಂಬುತ್ತಾರೆ? ಕೂಸನ್ನು ಇಟ್ಟುಕೊಂಡು ಅವಳನ್ನು ತವರಿಗೆ ಕಳಿಸಿದೆ."

ಲಗಮಣ್ಣನಿಗೆ ಮಾತು ಕೇಳಿಸಿತು, ತಲೆಗೆ ಇಳಿಯಲಿಲ್ಲ. ಹಗ್ಗ ತನ್ನ ಕೈಗೆ ಯಾವಾಗ ಬಂತೋ ಗೊತ್ತಾಗಲಿಲ್ಲ. ನಾಯಿ ಅವನನ್ನು ಗುರುತು ಹಿಡಿದು ಬಾಲ ಆಡಿಸಿತು.

"ಕೂಸಿಗೆ ಎಷ್ಟು ತಿಂಗಳು?" ಕೇಳಿದಳು ಹಾಲವ್ವ.

"ಐದು."

ಅವಳು ಲಗಮಣ್ಣನ ಕಡೆ ಮುಖ ತಿರುಗಿಸಿದಳು. "ಲಗಮಣ್ಣ, ಕಾಡಿಗೆಯದು ಇನ್ನೊಮ್ಮೆ ಹೇಳು."

ಕುಂದಿಲ್ಲ ಅಂದರೆ ಸಾಕಿತ್ತು. ಮಾಳಪ್ಪ ಈಗಾಗಲೇ ನಂಬಿಕೊಂಡೇ ಬಂದಿದ್ದ. ನಂಬಿಕೊಂಡೇ ತಿರುಗಿ ಹೋಗುತ್ತಿದ್ದ. ಸಂಜೆಯೊಳಗೆ ತಳಿ ಲಗಮಣ್ಣನದಾಗುತ್ತಿತ್ತು. ಅವನು ಬಾಯಿ ತೆರೆದ.

"ಕಾಡಿಗೆ. ಒಂದು ವರ್ಷದವನಿದ್ದಾಗ ಕುರಿಮರಿ ಕೊಂದ."

ಕಾಡಿಗೆಯ ಬೆನ್ನ ಮೇಲಿದ್ದ ಹಾಲವ್ವನ ಕೈ ಮೇಲೆದ್ದಿತು. ಎದ್ದದ್ದು ಎಲ್ಲಿ ಇಳಿಯಬೇಕೆಂದು ತಿಳಿಯದೆ ಗಾಳಿಯಲ್ಲೇ ನಿಂತಿತು.

ತಮಾಷೆ ಮಾಡಬೇಡ ಅಂದ ಮಾಳಪ್ಪ. ಯಾರೂ ನಗಲಿಲ್ಲ.

"ಕೊಂದದ್ದು ನಾಯಿ," ಅಂದಳು ಹಾಲವ್ವ. "ಮುಚ್ಚಿಟ್ಟವರು?"

"ನಾನು."

"ಅದನ್ನೂ ಸೇರಿಸು. ನೋಡಿದ್ದೀಯಾ ಅಂತ ಬಾಯಲ್ಲಷ್ಟೇ ಕೇಳಿ ಸುಮ್ಮನಾದವಳು ಹಾಲವ್ವ. ಅದೂ ಇರಲಿ. ಇನ್ನು ಮೇಲೆ ಕಥೆ ಹೇಳುವಾಗ ಒಂದನ್ನೂ ಬಿಡಬೇಡ."

ಮಾಳಪ್ಪ ತಿರುಗಿದ. ಹೆಗಲಿನಿಂದ ಜಾರಿದ ಕಂಬಳಿಯನ್ನೂ ಎತ್ತಿಕೊಳ್ಳದೆ ಸೊಸೆಯ ಊರಿನ ದಾರಿ ಹಿಡಿದ. ಹಾಲವ್ವ ಹಿಂದಿನಿಂದ ಕೂಗಿ ತಡೆದಳು.

"ಮೊದಲು ಹಟ್ಟಿಗೆ ಹೋಗಿ ಕೂಸನ್ನು ಎತ್ತಿಕೋ. ಬರಿಗೈಯಲ್ಲಿ ಅವಳ ಬಾಗಿಲಿಗೆ ಹೋಗಬೇಡ."

ಅವನು ದಾರಿ ಬದಲಿಸಿದ. ನಡೆಯುತ್ತಿದ್ದವನು ಓಡತೊಡಗಿದ. ಆ ವಯಸ್ಸಿನಲ್ಲಿ ಹಾಗೆ ಓಡುವವರನ್ನು ಲಗಮಣ್ಣ ಕಂಡಿರಲಿಲ್ಲ.

ಲಗಮಣ್ಣ ನಾಯಿಯ ಹಗ್ಗವನ್ನು ಗುಡಿಸಲ ಕಂಬಕ್ಕೆ ಕಟ್ಟಿದ. ಹನ್ನೊಂದು ಹಟ್ಟಿಗೂ ನಡೆದು ಹೋಗಿ ಹೇಳುತ್ತೇನೆ ಅಂದ.

"ಕಾಡಿಗೆಯ ಮರಿಯಲ್ಲದ ಹೆಣ್ಣು ಒಂದೇ ಉಳಿದಿದೆ," ಅಂದ ಅವನು. "ತಳಿ ಉಳಿಯುತ್ತದೆಯಾ ಅವ್ವಾ?"

"ಮೊದಲು ಆ ಸಾಂವಕ್ಕನ ಹತ್ತಿರ ಹೋಗು. ಅವಳ ಎದುರು ಕೂತು ಜೀರಿಗೆಯಿಂದ ಹಿಡಿದು ಎಲ್ಲ ಹೇಳು. ಕೇಳಿದ ಮೇಲೂ ಅವಳು ಒಂದು ಮರಿ ಬೇಕು ಅಂದರೆ, ತಳಿ ಉಳಿದಿದೆ."