ಗಾಳೆವ್ವನಿಗೆ ಗಂಡು ನೋಡಿದ ಭೀಮಶಿ

ಮುಧೋಳದ ಕಡೆ ಒಂದು ಊರು. ಆ ಊರಲ್ಲಿ ನೀಲವ್ವ ಅಂತ ಒಬ್ಬ ತಾಯಿ, ಭೀಮಶಿ ಅಂತ ಅವಳ ಮಗ. ಮಗ ಮೈಯಲ್ಲಿ ಗಟ್ಟಿ, ತಲೆಯಲ್ಲಿ ಬಲು ಮೆತ್ತಗೆ. ಕದ ನೋಡಿಕೋ ಅಂದರೆ ಕದದ ಎದುರು ಕೂತು ಅದನ್ನೇ ನೋಡುವವನು. ಹಿತ್ತಲಿಂದ ಕಳ್ಳ ಬಂದು ಹೋದರೂ ಕದ ಮಾತ್ರ ಭದ್ರವಾಗಿರುತ್ತಿತ್ತು, ಪಾಪ.

ಅವರ ಮನೆಯಲ್ಲಿ ಗಾಳೆವ್ವ ಅಂತ ಒಂದು ಬೇಟೆನಾಯಿ. ನೀಲವ್ವನ ಅಪ್ಪ ಸಾಕಿದ ನಾಯಿಗಳ ವಂಶದಲ್ಲಿ ಉಳಿದದ್ದು ಇದೊಂದೇ. ಅದಕ್ಕೂ ವಯಸ್ಸಾಗುತ್ತಾ ಬಂದಿತ್ತು. ಈ ಸಲ ಬೆದೆಗೆ ಬಂದಾಗ ತಕ್ಕ ಗಂಡು ಸಿಗದಿದ್ದರೆ ಅಪ್ಪನ ತಳಿ ಅಲ್ಲಿಗೇ ಮುಗಿಯಿತು. ನೀಲವ್ವನಿಗೋ ಮೊಣಕಾಲು ನೋವು, ಹೊಸಿಲು ದಾಟುವುದೇ ಕಷ್ಟ. ಮಗನನ್ನು ಕಳಿಸದೆ ಗತಿಯಿರಲಿಲ್ಲ.

"ಲೇ ಭೀಮಶಿ, ಮೂತಿ ಉದ್ದ ಇರಬೇಕು, ಸೊಂಟ ಸಣ್ಣ ಇರಬೇಕು. ಅಂಥಾ ಗಂಡು ನೋಡಿ ಕರಕೊಂಡ ಬಾ."

"ಹೂನವ್ವ," ಅಂದ. ಹೋದ, ಬಂದ. ಬೆಲ್ಲದ ಗಾಣದ ಹಿಂದೆ ಬಿದ್ದಿದ್ದ ಒಂದು ಬಡಕಲು ನಾಯಿಯನ್ನು ಎತ್ತಿಕೊಂಡೇ ಬಂದ. ಪಕ್ಕೆಲುಬು ಒಂದೊಂದೂ ಎಣಿಸುವ ಹಾಗಿದ್ದವು.

"ಇದು ಸೊಂಟ ಅಲ್ಲಲೇ, ಹಸಿವಿ," ಅಂದಳು ನೀಲವ್ವ, ಹಣೆಗೆ ಕೈಯಿಟ್ಟು. ನಾಯಿಗೆ ರೊಟ್ಟಿ ಹಾಕಿದಳು, ಮಗನಿಗೆ ಬೈಗುಳ ಹಾಕಿದಳು. "ಎದಿ ನೋಡಬೇಕು. ಎದಿ ಆಳ ಇರಬೇಕು. ತಿಳೀತಿಲ್ಲೋ?"

"ತಿಳೀತವ್ವ," ಅಂದ. ಹೋದ, ಬಂದ. ಈ ಸಲ ಖಾನಾವಳಿಯ ಬಾಗಿಲಲ್ಲಿ ಮಲಗುವ ದಢೂತಿ ನಾಯಿ. ಎದೆ ಆಳವೇನೋ ಹೌದು, ಹೊಟ್ಟೆ ಅದಕ್ಕಿಂತ ಆಳ. ಅಂಗಳಕ್ಕೆ ಬಂದದ್ದೇ ಏದುಸಿರು ಬಿಡುತ್ತಾ ಮಲಗಿಬಿಟ್ಟಿತು.

"ನನ್ನ ಹೊಟ್ಟ್ಯಾಗ ಎಲ್ಲಿ ಹುಟ್ಟಿದ್ಯೋ ಮಾರಾಯ. ಬರೇ ಎದಿ ನೋಡಿದರ ಆತೇನು? ಮೂತಿ, ಎದಿ, ಕಾಲು, ಬಾಲ, ಎಲ್ಲಾ ಚಲೋ ಇರಬೇಕು. ಎಲ್ಲಾ ಇದ್ದರನ ತರಬೇಕು."

"ಎಲ್ಲಾ ತರತೀನವ್ವ," ಅಂದ. ಹೋದ, ಬಂದ. ಒಂದೇ ಹಗ್ಗಕ್ಕೆ ನಾಲ್ಕು ನಾಯಿ. "ಇದರದು ಮೂತಿ ಚಲೋ ಐತಿ. ಎದಿ ಆ ಕರೇದರದು. ಕಾಲು ಇದರದು, ಬಾಲ ಅದರದು. ಎಲ್ಲಾ ಬಂತವ್ವ."

ನಾಲ್ಕೂ ಸೇರಿ ರೊಟ್ಟಿ ಬುಟ್ಟಿ ಕೆಡವಿ ಕಚ್ಚಾಡಿಕೊಂಡವು. ಕಟ್ಟೆಯ ಮೇಲಿದ್ದ ಗಾಳೆವ್ವ ಒಮ್ಮೆ ನೋಡಿ ಮುಖ ತಿರುಗಿಸಿತು. ನೀಲವ್ವನಿಗೆ ಅಳು ಬಂತು. ಬೆದೆಯ ದಿನಗಳು ಮುಗಿಯುತ್ತಾ ಬಂದಿದ್ದವು.

"ನಾಯಿ ಅಂದ್ರ ತುಂಡು ತುಂಡು ಜೋಡಿಸಿದ್ದಲ್ಲಪಾ," ಅಂದಳು ಮೆಲ್ಲಗೆ. "ನಮ್ಮಪ್ಪ ಹೇಳತಿದ್ದ. ಬಣ್ಣ ಕಾಣದಿದ್ದರೂ, ಬರೇ ನೆರಳು ಕಂಡರೂ ಇದು ನಮ್ಮ ತಳಿ ಅಂತ ಗೊತ್ತಾಗಬೇಕು. ಅದಕ್ಕ ಒಂದು ಕಳೆ ಇರತೈತಿ. ಅದನ್ನ ಕಂಡರ ಬಾಯಿ ಕಟ್ಟತೈತಿ, ಮಾತು ಬರೂದಿಲ್ಲ. ಅಂಥಾದ್ದು ಹುಡುಕು."

ಹೋದ. ಸಂಜೆಗೆ ಬಂದ, ಬರಿಗೈಯಲ್ಲಿ. "ಎಲ್ಲಿ ನಾಯಿ?" ಅಂದರೆ ಮಾತಿಲ್ಲ. "ಹಾವು ಕಡೀತೇನು?" ಅಂದರೂ ಮಾತಿಲ್ಲ. ಮಡ್ಡಿಯ ಕಡೆ, ಆ ಕಲ್ಲುಗುಡ್ಡದ ಕಡೆ, ಕೈ ತೋರಿಸಿದ. ಅವನ ಕಣ್ಣು ತುಂಬಿತ್ತು. ಮಗನ ಮುಖ ಹೀಗಿದ್ದದ್ದನ್ನು ನೀಲವ್ವ ಎಂದೂ ನೋಡಿರಲಿಲ್ಲ.

"ನನ್ನ ಹೊತ್ತುಕೊಂಡು ನಡಿ," ಅಂದಳು.

ಬೆಳಗಾದ ಕೂಡಲೇ ತಾಯಿಯನ್ನು ಬೆನ್ನಿಗೆ ಹಾಕಿಕೊಂಡು, ಗಾಳೆವ್ವನ ಹಗ್ಗ ಹಿಡಿದು, ಭೀಮಶಿ ಮಡ್ಡಿ ಹತ್ತಿದ. ಅಲ್ಲಿ ಲಾಯಪ್ಪನೆಂಬ ಕುರುಬನ ಕುರಿಹಟ್ಟಿ. ಹಟ್ಟಿಯ ಮೇಲಿನ ಬಂಡೆಯ ಮೇಲೆ ಒಂದು ಗಂಡುನಾಯಿ ನಿಂತಿತ್ತು. ಸುಮ್ಮನೆ ನಿಂತಿತ್ತು, ಅಷ್ಟೇ. ಅಷ್ಟರಲ್ಲಿ ದೂರದಲ್ಲೊಂದು ಕುರಿಮರಿ ಹಿಂಡು ತಪ್ಪಿ ಓಡಿತು. ನಾಯಿ ಬಂಡೆಯಿಂದ ಇಳಿದದ್ದು ಯಾರಿಗೂ ಕಾಣಲಿಲ್ಲ. ಕಂಡದ್ದು ಮರಿಯ ಮುಂದೆ ಅದು ಅಡ್ಡ ನಿಂತದ್ದು ಮಾತ್ರ. ನಡುವೆ ಇದ್ದದ್ದು ಬರೀ ಗಾಳಿ.

ನೀಲವ್ವನಿಗೆ ಅಪ್ಪ ನೆನಪಾದ. ಮಗನ ಬೆನ್ನಿನಿಂದ ಜಾರಿ ಕಲ್ಲಿನ ಮೇಲೆ ಕೂತಳು. ಬಾಯಿ ಕಟ್ಟಿತು.

"ಏನ್ ಬೇಕಾಗಿತ್ತವ್ವಾ?" ಅಂತ ಲಾಯಪ್ಪ ಕೇಳಿದ. ತಾಯಿ ಮಾತಾಡಲಿಲ್ಲ. ಮಗ ಮಾತಾಡಲಿಲ್ಲ. ಕಿವಿ ಕೇಳದವರು ಅಂದುಕೊಂಡು ಚೊಂಬಿನಲ್ಲಿ ನೀರು ತಂದ. ಕೊಡುವಾಗ ಅವನ ಕಣ್ಣು ಗಾಳೆವ್ವನ ಮೇಲೆ ಬಿತ್ತು. ಚೊಂಬು ಕೈಯಲ್ಲೇ ಉಳಿಯಿತು. ಅವನಿಗೂ ಮಾತು ಹೋಯಿತು.

ಮೂವರು ಮೂಕರಂತೆ ಕೂತರು. ನಾಯಿಗಳಿಗೆ ಮಾತಿನ ಹಂಗೇನು? ಅವು ಒಂದನ್ನೊಂದು ಮೂಸಿದವು, ಒಪ್ಪಿದವು. ಲಾಯಪ್ಪ ಗಾಳೆವ್ವನ ಹಗ್ಗ ಬಿಚ್ಚಿ ನಕ್ಕ. ಆಗಬೇಕಾದದ್ದು ಆಯಿತು.

ಹೊತ್ತು ಇಳಿಯುವಾಗ ನೀಲವ್ವನಿಗೆ ಮಾತು ಬಂತು. "ಭೀಮಶಿ, ಇನ್ನ ಅಕೀನ ನಡಸಬ್ಯಾಡ. ಹೊಟ್ಟ್ಯಾಗ ನಮ್ಮಪ್ಪನ ವಂಶ ಐತಿ. ಜ್ವಾಕಿಲೆ ಮನಿ ಮುಟ್ಟಸು."

"ಹೂನವ್ವ," ಅಂದ ಭೀಮಶಿ. ಗಾಳೆವ್ವನನ್ನು ಎತ್ತಿ ಹೆಗಲ ಮೇಲೆ ಹಾಕಿಕೊಂಡ. ಉದ್ದ ಕಾಲುಗಳು ಎರಡೂ ಕಡೆ ಜೋತುಬಿದ್ದವು. ಹಿಂದೆ ನೋಡದೆ ಮಡ್ಡಿ ಇಳಿದೇಬಿಟ್ಟ.

ನೀಲವ್ವ ಕಲ್ಲಿನ ಮೇಲೇ ಉಳಿದಳು. ಕೂಗಿ ಕರೆಯಬೇಕೆಂದು ಬಾಯಿ ತೆರೆದಳು. ಕೆಳಗೆ ಮಬ್ಬಿನಲ್ಲಿ ಮಗನ ನೆರಳು ಹೋಗುತ್ತಿತ್ತು. ಅದರ ಮೇಲೆ ಗಾಳೆವ್ವನ ಆ ಉದ್ದ ಮೂತಿಯ ನೆರಳು. ಬಣ್ಣ ಕಾಣದಿದ್ದರೂ ಗೊತ್ತಾಗುತ್ತಿತ್ತು. ಅವಳ ಬಾಯಿ ಮತ್ತೆ ಕಟ್ಟಿತು.

ಲಾಯಪ್ಪ ಅವಳ ಮೊಣಕಾಲು ನೋಡಿದ, ಇಳಿಜಾರು ನೋಡಿದ, ತನ್ನ ಬೆನ್ನು ತಡವಿಕೊಂಡ.

"ಅವ್ವಾ," ಅಂದ, "ನಿಮ್ಮನ್ನ ಯಾರು ಹೊರಬೇಕ್ರಿ?"