ಕಡವು ಕಾದವರಿಗೆ ಅರಮನೆಯ ಊಟ

ಹೊಳೆಮರಳೂರಿನ ದೊರೆ ಮುದ್ದಣ್ಣ ನಾಯಕನಿಗೆ ತನ್ನ ಹರಿಗೋಲುಗಳ ಮೇಲೆ ಎಲ್ಲಿಲ್ಲದ ಜಂಬ. ನೆಂಟರು ಬಂದರೆ ಎಲೆ ಹಾಕುವ ಮೊದಲೇ ಹರಿಗೋಲಿನ ವರ್ಣನೆ ಶುರು. ಜನರನ್ನು ಇಷ್ಟು ಚೆನ್ನಾಗಿ ಹೊಳೆ ದಾಟಿಸುವ ರಾಜ್ಯ ಎಂಟು ದಿಕ್ಕಿನಲ್ಲಿ ಹುಡುಕಿದರೂ ಸಿಗದು ಅನ್ನುತ್ತಿದ್ದ.

ಈ ಜಂಬಕ್ಕೆ ಗಾಳಿ ಹಾಕುತ್ತಿದ್ದವನು ಜನ ಹರಿಗೋಲು ಹತ್ತಿಳಿಯುವ ಕಡವಿನ ಪಾರುಪತ್ಯಗಾರ ನಂಜರಾಜಯ್ಯ. ಹರಿಗೋಲು, ಅಂಬಿಗರು ಎಲ್ಲ ಅವನ ಕೈಕೆಳಗೆ. ಹೊತ್ತು ಅಳೆಯಲೆಂದು ಹರಿಗೋಲಿನೊಳಗೇ ನೀರಿನ ಕೊಳಗವಿಟ್ಟು, ಅದರಲ್ಲಿ ತೂತಿನ ಗಳಿಗೆಬಟ್ಟಲು ತೇಲಿಬಿಟ್ಟಿದ್ದ. ಈ ದಡ ಬಿಟ್ಟು ಆ ದಡ ಮುಟ್ಟುವಷ್ಟರಲ್ಲಿ ಬಟ್ಟಲು ಅರ್ಧವೂ ತುಂಬುವುದಿಲ್ಲ ಅಂತ ದಿನಾ ಬಂದು ಒಪ್ಪಿಸುತ್ತಿದ್ದ. ಒಂದು ಹರಿಗೋಲೂ ಖಾಲಿ ಹೋಗುವುದಿಲ್ಲ, ಒಬ್ಬರೂ ದೂರು ಹೇಳುವುದಿಲ್ಲ ಅಂತ ಸೇರಿಸುತ್ತಿದ್ದ.

ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಿಕ್ಕಿರಿದು ತುಂಬುವ ತನಕ ಅವನು ಹರಿಗೋಲು ಬಿಡಿಸುತ್ತಲೇ ಇರಲಿಲ್ಲ. ದೂರು ಹೇಳಿದವರನ್ನು ಹತ್ತಿಸಿಕೊಳ್ಳುತ್ತಲೇ ಇರಲಿಲ್ಲ.

ಹಾಗೆ ಸಿಕ್ಕಿಬಿದ್ದವಳು ಆಚೆ ದಡದ ಸಣ್ಣೀರಮ್ಮ. ಮೊಸರಿನ ಗಡಿಗೆ ಹೊತ್ತು ಈಚೆಯ ಪೇಟೆಗೆ ಬರುವವಳು. ಈ ಹರಿಗೋಲಿಗಿಂತ ನಮ್ಮೆಮ್ಮೆ ಬಾಲ ಹಿಡಿದು ಈಜೋದೇ ವಾಸಿ ಅಂತ ಅವಳು ಅಂದದ್ದು ನಂಜರಾಜಯ್ಯನ ಕಿವಿಗೆ ಬಿತ್ತು. ಅದನ್ನು ರಾಜನಿಂದೆ ಅಂತ ಮಾಡಿ ಆಸ್ಥಾನಕ್ಕೆ ಎಳೆತಂದ. ಇನ್ನು ಇವಳು ಯಾವ ಹರಿಗೋಲಿಗೂ ಕಾಲಿಡಕೂಡದು, ಇಷ್ಟೇ ಅವನು ಕೇಳಿದ ಶಿಕ್ಷೆ. ಎಮ್ಮೆ ಆಚೆ, ಪೇಟೆ ಈಚೆ. ಹೊಳೆ ದಾಟದಿದ್ದರೆ ಅವಳ ಮನೆಯಲ್ಲಿ ಒಲೆ ಉರಿಯುವಂತಿರಲಿಲ್ಲ.

ಆಸ್ಥಾನದ ವಿದೂಷಕ ಮಂಚಯ್ಯನಿಗೆ ತನ್ನ ಊಟದ ಚಿಂತೆ ಹತ್ತಿತು. ಮೊಸರನ್ನ ಇಲ್ಲದೆ ಅವನ ಊಟ ಮುಗಿಯದು, ಮೊಸರೆಂದರೆ ಅದು ಸಣ್ಣೀರಮ್ಮನದೇ ಆಗಬೇಕು. ಈಚೀಚೆಗೆ ಯಾಕೋ ಹುಳಿ ಬರುತ್ತಿದೆ ಅಂತ ಗೊಣಗುತ್ತಲೇ ತಿನ್ನುತ್ತಿದ್ದ.

ಏನಮ್ಮ ನಿನ್ನ ತಕರಾರು ಅಂತ ದೊರೆ ಕೇಳಿದ.

"ಕೆಳಗೆ ಮರಳು ಕಾಯ್ತದೆ ಬುದ್ಧಿ, ಮೇಲೆ ನಾವು ಕಾಯ್ತೀವಿ. ಮಧ್ಯದಲ್ಲಿ ಮೊಸರು ಹುಳಿಯಾಯ್ತದೆ."

ಹುಳಿಯ ಗುಟ್ಟು ಮಂಚಯ್ಯನಿಗೆ ಆಗ ತಿಳಿಯಿತು. ನಂಜರಾಜಯ್ಯ ಮಾತ್ರ ನಕ್ಕುಬಿಟ್ಟ. ಬಟ್ಟಲು ಸುಳ್ಳು ಹೇಳುವುದಿಲ್ಲ, ತನ್ನ ಕಡವಿನಲ್ಲಿ ಹೊತ್ತು ಕಳೆಯುವವರೇ ಇಲ್ಲ ಅಂದ. ದೊರೆ ಶಿಕ್ಷೆಗೆ ತಲೆಯಾಡಿಸುವುದರಲ್ಲಿದ್ದ. ಮಂಚಯ್ಯ ಎದ್ದು ನಿಂತು, ಉಪ್ಪರಿಗೆಯಲ್ಲಿ ಗಾಳಿ ಚೆನ್ನಾಗಿದೆ, ಒಂದು ಗಳಿಗೆ ಅಲ್ಲಿ ನಿಂತು ಆಮೇಲೆ ತೀರ್ಪು ಹೇಳಬಹುದಲ್ಲ ಅಂತ ಕೈಮುಗಿದ.

ಉಪ್ಪರಿಗೆಯಿಂದ ಎರಡೂ ದಡ ಕಾಣುತ್ತಿದ್ದವು. ಉರಿಬಿಸಿಲಲ್ಲಿ, ಹಪ್ಪಳ ಒಣಹಾಕಿದ ಹಾಗೆ, ಮರಳ ತುಂಬ ಜನ.

"ಅವರೆಲ್ಲ ಏನ್ ಮಾಡ್ತಿದ್ದಾರಯ್ಯ ಅಲ್ಲಿ?" ಅಂದ ದೊರೆ.

"ಕಾಯ್ತಿದ್ದಾರೆ, ದೊರೆ," ಅಂತಷ್ಟೇ ಹೇಳಿ ಮಂಚಯ್ಯ ಬಾಯಿ ಮುಚ್ಚಿಕೊಂಡ. ಜಾರುವಾಗ ಕೈಗೆ ಏನು ಸಿಕ್ಕಿದರೂ ಹಿಡಿಯುವ ಆಸಾಮಿ ನಂಜರಾಜಯ್ಯ ಅಂತ ಅವನಿಗೆ ಗೊತ್ತಿತ್ತು.

ಹಿಡಿದೇಬಿಟ್ಟ. "ಹೌದು ಪ್ರಭು, ಕಾವಲು ಕಾಯ್ತಿದ್ದಾರೆ. ದೊರೆಗಳ ಕಡವು ಅಂದ್ರೆ ಜನಕ್ಕೆ ಅಷ್ಟು ಭಕ್ತಿ. ಬಿಸಿಲು ಅಂತಾನೂ ನೋಡೋದಿಲ್ಲ."

ದೊರೆಯ ಮೀಸೆ ಮೇಲೇರಿತು. ಮಂಚಯ್ಯ ಪಟಪಟನೆ ಕೆನ್ನೆ ಬಡಿದುಕೊಂಡ.

"ಎಂಥ ಅಪಚಾರ ಆಗಿಹೋಯ್ತು ದೊರೆ. ಅರಮನೆ ಸ್ವತ್ತು ಕಾದವರು ಹಸಿದು ಮನೆಗೆ ಹೋಗಬಾರದು ಅಂತ ನಿಮ್ಮ ಮುತ್ತಾತನವರೇ ಕಟ್ಟಳೆ ಮಾಡಿದ್ರು. ಬಾಗಿಲು ಕಾದೋನಿಗೆ ಊಟ, ಕಣ ಕಾದೋನಿಗೆ ಊಟ. ಕಡವು ಕಾದವರಿಗೆ ಒಂದು ತುತ್ತೂ ಇಲ್ಲ."

ಮುತ್ತಾತನ ಹೆಸರು ಬಂದಮೇಲೆ ದೊರೆ ಹಿಂದೆಮುಂದೆ ನೋಡುವುದುಂಟೇ. ಕಡವು ಕಾಯುವ ಪ್ರತಿಯೊಬ್ಬರಿಗೂ ತುಪ್ಪ ಸಮೇತ ಊಟ, ಅದೂ ಕಟ್ಟಳೆಯಲ್ಲಿರುವ ಹಾಗೆ ಯಾರ ಕೈಕೆಳಗೆ ಕಾಯುತ್ತಾರೋ ಅವರ ಉಗ್ರಾಣದಿಂದಲೇ, ಅಂತ ಅಪ್ಪಣೆ ಮಾಡಿದ. ಇಷ್ಟು ವರ್ಷ ಹಸಿದು ಕಡವು ಕಾದ ಸಣ್ಣೀರಮ್ಮನಿಗೆ ಶಿಕ್ಷೆ ಎಲ್ಲಿ ಬಂತು, ಎಲೆಅಡಿಕೆ ಕೊಟ್ಟು ಕಳಿಸಿದ.

ನಂಜರಾಜಯ್ಯ ತನ್ನ ಮಾತಿಗೇ ಸಿಕ್ಕಿಬಿದ್ದ. ಅವರು ಕಾವಲಿನವರಲ್ಲ ಅನ್ನುವ ಹಾಗಿಲ್ಲ. ಅಂದರೆ ಮತ್ತೇನು ಕಾಯುತ್ತಿದ್ದಾರೆ ಅಂತ ದೊರೆ ಕೇಳುತ್ತಾನೆ.

ಮಾರನೆಯ ದಿನದಿಂದ ಕಡವಿನಲ್ಲಿ ಜಾತ್ರೆ. ಹೊಳೆ ದಾಟುವವರ ಜೊತೆಗೆ ದಾಟದವರೂ ಬಂದು ಭಕ್ತಿಯಿಂದ ಕೂತರು. ಅಳಿಯನ ಮನೆಗೆ ಹೊರಟಿದ್ದ ಒಬ್ಬ ಮುದುಕ ಪಯಣವನ್ನೇ ಮುಂದಕ್ಕೆ ಹಾಕಿ, ಪಾಯಸ ಯಾವತ್ತು ಮಾಡ್ತೀರಿ ಸ್ವಾಮಿ ಅಂತ ವಿಚಾರಿಸಿದ. ನಂಜರಾಜಯ್ಯನ ಉಗ್ರಾಣದ ತಳ ಕಾಣಿಸತೊಡಗಿತು.

ಆಗ ಅವನು ಅಂಬಿಗರ ಮೇಲೆ ಹರಿಹಾಯ್ದ. ಹರಿಗೋಲು ತುಂಬುವ ಮಾತೇ ಬೇಡ, ಇಬ್ಬರಿದ್ದರೂ ಬಿಡಿ, ಒಬ್ಬರಿದ್ದರೂ ಬಿಡಿ, ಮರಳಿಗೆ ಯಾರ ಪೃಷ್ಠವೂ ತಾಗಕೂಡದು. ಅಟ್ಟದ ಮೇಲೆ ಕವುಚಿಟ್ಟಿದ್ದ ಹಳೆಯ ಹರಿಗೋಲುಗಳೂ ನೀರಿಗಿಳಿದವು. ಎತ್ತು ತೊಳೆಯಲು ಬಂದಿದ್ದ ಒಬ್ಬನನ್ನು ಎತ್ತಿ ಹಾಕಿಕೊಂಡು ಆಚೆ ದಡಕ್ಕೆ ಬಿಟ್ಟೇಬಿಟ್ಟರು; ಎತ್ತು ಈಚೆಯೇ ನಿಂತು ಅಂಬಾ ಅಂದಿತು.

ಸ್ವಲ್ಪ ದಿನ ಕಳೆದು ದೊರೆ ಮತ್ತೆ ಉಪ್ಪರಿಗೆ ಹತ್ತಿದ. ಮಂಚಯ್ಯ, ನಂಜರಾಜಯ್ಯ ಇಬ್ಬರೂ ಹಿಂದೆ. ಹೊಳೆಯ ತುಂಬ ಹರಿಗೋಲು, ದಡದಲ್ಲಿ ನರಪಿಳ್ಳೆ ಇಲ್ಲ. ದೊರೆ ಪೆಚ್ಚಾದ.

"ಏನಯ್ಯ ಮಂಚಯ್ಯ, ಅಷ್ಟೊಂದು ಜನ ಇದ್ದರಲ್ಲ, ಎಲ್ಲಿ ಹೋದರು? ಇನ್ನು ಕಾಯೋರು ಯಾರು?"

"ನೀವಿದ್ದೀರಲ್ಲ, ದೊರೆ. ಕಾಯೋದು ಮೊದಲಿಂದಲೂ ದೊರೆಗಳ ಕೆಲಸವೇ. ಇಷ್ಟು ದಿನ ಪಾಪ, ಪ್ರಜೆಗಳು ಮಾಡ್ತಿದ್ರು."

ದೊರೆ ಖಾಲಿ ದಡ ನೋಡಿದ. ನಂಜರಾಜಯ್ಯನ ಬೆವರಿದ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ. ನಗುತ್ತಲೇ ಹೆಗಲ ಶಾಲು ತೆಗೆದು ಮಂಚಯ್ಯನಿಗೆ ಹೊದಿಸಿ, ಗಳಿಗೆಬಟ್ಟಲನ್ನು ಕೊಳಗದ ಸಮೇತ ಹರಿಗೋಲಿನಿಂದ ಎತ್ತಿ ತಂದು ದಡದ ಮರಳಿನ ಮೇಲಿಟ್ಟು ಹೊತ್ತು ಅಳೆ ಅಂತ ನಂಜರಾಜಯ್ಯನಿಗೆ ಅಪ್ಪಣೆ ಕೊಟ್ಟ.

ಮಂಚಯ್ಯ ಅದನ್ನು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಸಣ್ಣೀರಮ್ಮ ಬಾಗಿಲಿಗೆ ಬರುವ ಹೊತ್ತಾಗಿತ್ತು, ಅವಳನ್ನು ಕಾಯಿಸುವ ಧೈರ್ಯ ಅವನಿಗಿರಲಿಲ್ಲ.