ಗೋಸುಂಬೆಯ ನಾಲಿಗೆ ಉದ್ದವಾದದ್ದು

ಲೋಕ ಆಗಷ್ಟೇ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬಿಸಿಯಾಗಿದ್ದ ಕಾಲ ಕೂಸೇ. ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕು ಅಂತ ಹೊಳೆ ಕಂಡಕಂಡವರನ್ನೆಲ್ಲ ಕೇಳುತ್ತಿತ್ತು.

ಆಗ ರೇಷ್ಮೆಹುಳ ಯಾರೂ ಸಾಕಿದ ಹುಳ ಅಲ್ಲ. ಹಿಪ್ಪುನೇರಳೆ ಮರದ ಮೇಲೆ ತನ್ನ ಪಾಡಿಗೆ ತಾನಿತ್ತು. ಕಾಗೆಯ ನೆರಳು ಬಿದ್ದರೆ ಸರಸರ ಎಲೆಯಡಿಗೆ ಓಡುತ್ತಿತ್ತು. ಅದರ ತಾಯಿ ಚಿಟ್ಟೆ ಮರದಿಂದ ಮರಕ್ಕೆ ಹಾರುತ್ತಿತ್ತು. ಗೋಸುಂಬೆಯೂ ಈಗಿನಂತಲ್ಲ. ಎರಡು ಕಣ್ಣನ್ನೂ ಮುಂದಕ್ಕಿಟ್ಟು ನೆಟ್ಟಗೆ ಓಡುತ್ತಿತ್ತು, ಹತ್ತಿರ ಹೋಗಿ ಬಾಯಲ್ಲೇ ಹಿಡಿದು ತಿನ್ನುತ್ತಿತ್ತು. ನಾಲಿಗೆ ಗಿಡ್ಡ. ನಿನ್ನದಕ್ಕಿಂತ ಬಹಳ ಗಿಡ್ಡ.

ಕಾಡಂಚಿನಲ್ಲಿ ಬೊಮ್ಮಕ್ಕ ಅಂತ ಒಬ್ಬಳಿದ್ದಳು. ಅವಳಿಗೆ ಹಿಂದಿಲ್ಲ, ಮುಂದಿಲ್ಲ. ಒಂದು ದಿನ ಮರದಿಂದ ಬಿದ್ದು ಕಾಲು ಮುರಿದುಕೊಂಡ ಗೋಸುಂಬೆ ಮರಿ ಅವಳಿಗೆ ಸಿಕ್ಕಿತು. ಅಪಶಕುನ, ಬಿಸಾಡು ಅಂದರು ನೋಡಿದವರು. ಹೆತ್ತವರಿಗೆ ಹೆಗ್ಗಣ ಮುದ್ದು ಅಂತಾರೆ, ಇವಳು ಹೆರದೆಯೇ ಮುದ್ದು ಮಾಡಿದಳು. ಕಾಲಿಗೆ ಕಡ್ಡಿ ಕಟ್ಟಿದಳು, ಮಗಾ ಅಂತ ಕರೆದಳು.

ಆದರೆ ಮರಿಗೆ ಮೈ ಹತ್ತಲಿಲ್ಲ. ಮಿಡತೆ ಕೊಟ್ಟರೆ ಅದರ ಮುಳ್ಳುಗಾಲು ಗಂಟಲಿಗೆ ಸಿಕ್ಕಿಕೊಳ್ಳುತ್ತಿತ್ತು. ನೊಣದಲ್ಲಿ ಏನಿದೆ, ಬರೀ ರೆಕ್ಕೆ. ದಿನದಿನಕ್ಕೆ ಮೂಳೆ ಎದ್ದು ಕಾಣತೊಡಗಿತು.

ಆಗ ಗಾಳಿ ಬಂದು ಹೇಳಿತಂತೆ, ಹಿಪ್ಪುನೇರಳೆ ಮರದಲ್ಲೊಂದು ಹುಳವಿದೆ, ಮುಳ್ಳಿಲ್ಲ, ಚಿಪ್ಪಿಲ್ಲ, ಬೆಣ್ಣೆಯಂಥ ಮೈ, ತುಂಬ ಸತ್ವ, ಅದನ್ನು ಸಾಕಿ ಇದಕ್ಕೆ ತಿನ್ನಿಸು ಅಂತ. ನನಗೆ ಈ ಗಾಳಿಯನ್ನು ಕಂಡರೆ ಆಗುವುದಿಲ್ಲ. ಹೇಳಿ ಹೊರಟುಹೋಗುತ್ತದೆ, ಆಮೇಲೆ ಏನಾಯಿತು ಅಂತ ನಿಂತು ನೋಡುವುದಿಲ್ಲ.

ಬೊಮ್ಮಕ್ಕ ಚಿಟ್ಟೆಯ ಹತ್ತಿರ ಹೋದಳು. ನನ್ನ ಮಕ್ಕಳಲ್ಲಿ ಅರ್ಧ ಇರುವೆಗೆ, ಅರ್ಧ ಕಾಗೆಗೆ, ನನಗೆ ಉಳಿಯುವುದೇನು ಅಂತ ಚಿಟ್ಟೆ ಅಳುತ್ತಿತ್ತು. ಮಕ್ಕಳನ್ನು ನನಗೆ ಕೊಡು, ನೆರಳಲ್ಲಿಡುತ್ತೇನೆ, ಮೂರು ಹೊತ್ತೂ ಸೊಪ್ಪು ಹಾಕುತ್ತೇನೆ ಅಂದಳು ಬೊಮ್ಮಕ್ಕ. ಯಾತಕ್ಕೆ ಅಂತ ಚಿಟ್ಟೆ ಕೇಳಲಿಲ್ಲ. ಇವಳೂ ಹೇಳಲಿಲ್ಲ. ಬಾಯಿ ಮುಚ್ಚಿಕೊಂಡಿದ್ದಕ್ಕೂ ಪಾಪ ಬರುತ್ತದೆ, ತಿಳಕೋ.

ಚಿಟ್ಟೆ ಅವಳ ಬಟ್ಟೆಯ ಮೇಲೆ ಸಾಸಿವೆಯಂತೆ ಮೊಟ್ಟೆ ಇಟ್ಟಿತು. ಇನ್ನು ಭಯವಿಲ್ಲ ಅಂತ ಅಲ್ಲೇ ಕೂತಿತು. ಅದರ ಕುಲವೇ ಹಾರುವುದನ್ನು ಮರೆಯಿತು.

ಬೊಮ್ಮಕ್ಕ ಮಾತು ತಪ್ಪಲಿಲ್ಲ. ಬಿದಿರು ತಟ್ಟೆಯಲ್ಲಿ ಹುಳ ಸಾಕಿದಳು. ಹುಳ ಉಣ್ಣದೆ, ಅಲುಗದೆ ಕೂತು ಹಳೇ ಚರ್ಮ ಬಿಡುತ್ತದಲ್ಲ, ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಜ್ವರದಲ್ಲಿದ್ದ ಹುಳವನ್ನು ಅವಳು ಮುಟ್ಟಲಿಲ್ಲ, ಪಕ್ಕದಲ್ಲಿ ಜೋರಾಗಿ ಕೆಮ್ಮಲೂ ಇಲ್ಲ. ಜ್ವರ ಬಿಟ್ಟ ಮೇಲೆ ಸೊಪ್ಪು ಹಾಕುತ್ತಿದ್ದಳು. ದಿನಾ ನಾಲ್ಕು ಹುಳ ಅಂಗೈಯಲ್ಲಿಟ್ಟುಕೊಂಡು ಹಿತ್ತಿಲಿಗೆ ಹೋಗುತ್ತಿದ್ದಳು. ಮರಿಯ ಮೈ ತುಂಬಿತು. ಹಸಿರಾಗಿ ಮಿರಮಿರ ಮಿಂಚಿತು.

ಹುಳಗಳಿಗೆ ಓಡುವ ಕೆಲಸವೇ ಇರಲಿಲ್ಲ. ಕಾಲು ಸೋತವು. ಕಾಗೆಯ ನೆರಳು ಅಂದರೇನು ಅಂತಲೂ ಮರೆತವು.

ಒಂದು ದಿನ ನಾಲ್ಕನೇ ಜ್ವರ ಮುಗಿಸಿದ್ದ ದಪ್ಪ ಹುಳವೊಂದು ಕೇಳಿತು, "ಅವ್ವಾ, ನಮ್ಮವರನ್ನ ದಿನಾ ಎಲ್ಲಿಗೆ ಕರಕೊಂಡು ಹೋಗ್ತೀಯ?"

ಒಳ್ಳೇ ಸೊಪ್ಪಿರೋ ಕಡೆಗೆ ಅಂತ ಬೊಮ್ಮಕ್ಕ ಅನ್ನಬಹುದಿತ್ತು. ಬಾಯಿ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಹೇಳಿ, ಓಡಿಹೋಗಿ ಅಂದಳು. ಓಡುವುದು ಹೇಗೆ ಅಂತ ಕೇಳಿದವು ಹುಳಗಳು. ತಟ್ಟೆಯನ್ನು ಎತ್ತಿಕೊಂಡು ಹೋಗಿ ಒಂದೊಂದನ್ನೇ ಮರದ ಮೇಲೆ ಬಿಟ್ಟಳು. ಇಟ್ಟಲ್ಲೇ ಕೂತವು. ಗೇಣುದ್ದ ಮೇಲೆ ಸೊಪ್ಪಿದ್ದರೂ ಹತ್ತಲಿಲ್ಲ, ಅವ್ವ ತರುತ್ತಾಳೆ ಅಂತ ಕಾದವು. ಕಾಗೆ ಎರಡನ್ನು ಕಚ್ಚಿಕೊಂಡು ಹೋಯಿತು. ಅಳುತ್ತಾ ಎಲ್ಲವನ್ನೂ ತಟ್ಟೆಗೆ ತುಂಬಿಕೊಂಡು ಬಂದಳು.

ಮೂರು ದಿನ ಬೊಮ್ಮಕ್ಕ ಮರಿಗೆ ಹುಳ ಹಾಕಲಿಲ್ಲ. ಮರಿ ಎಲ್ಲವನ್ನೂ ಕೇಳಿಸಿಕೊಂಡಿತ್ತು, ಬೇಡಲಿಲ್ಲ. ಹಸಿರು ಬಣ್ಣ ಇಳಿದು ಬೂದಿಯಾಯಿತು, ಕಣ್ಣು ಗುಳಿ ಬಿತ್ತು. ಅತ್ತ ದರಿ, ಇತ್ತ ಪುಲಿ. ಎರಡೂ ಅವಳು ಸಾಕಿದವೇ. ಅವಳ ಜಾಗದಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ, ನನಗೂ ಗೊತ್ತಿಲ್ಲ.

ನಾಲ್ಕನೇ ದಿನ ಸೊಪ್ಪು ಹಾಕಲು ಬಗ್ಗಿದಾಗ ಆ ದಪ್ಪ ಹುಳ ತಲೆ ಎತ್ತಿತು. "ಇವತ್ತು ನನ್ನ ಸರದಿ ಅಲ್ವಾ ಅವ್ವಾ?"

"ಹೇಳಿದ್ದೆನಲ್ಲೋ, ಅಲ್ಲಿಗೆ ಹೋದ್ರೆ ಸಾಯ್ತೀಯ ಅಂತ."

"ಸೊಪ್ಪು ತಂದ ಕೈ ಎಲ್ಲಾದ್ರೂ ಕೊಲ್ಲುತ್ತಾ?" ಅಂತ ಹುಳ ಅವಳ ಬೆರಳು ಹತ್ತಿತು.

ಬೊಮ್ಮಕ್ಕ ಅದನ್ನು ಹಿತ್ತಿಲಿಗೆ ಕೊಂಡೊಯ್ದು ಒಂದು ಕಡ್ಡಿಯ ತುದಿಯಲ್ಲಿ ಬಿಟ್ಟಳು. ತಿನ್ನು ಮಗಾ ಅಂದಳು. ಮರಿ ಒಂದು ಹೆಜ್ಜೆ ಮುಂದಿಟ್ಟಿತು, ಹಿಂದಕ್ಕೆ ವಾಲಿತು. ಮತ್ತೆ ಮುಂದೆ, ಮತ್ತೆ ಹಿಂದೆ. ಒಂದು ಕಣ್ಣು ಹುಳದ ಮೇಲೆ, ಒಂದು ಕಣ್ಣು ಬೊಮ್ಮಕ್ಕನ ಮುಖದ ಮೇಲೆ. ಹೊಟ್ಟೆ ಬಿಡಲಿಲ್ಲ. ಆದರೆ ಅವಳನ್ನು ನಂಬಿ ಕೂತ ಹುಳದ ಹತ್ತಿರ ಹೋಗಲು ಅದಕ್ಕೆ ಮುಖವಿರಲಿಲ್ಲ. ಅದಕ್ಕೆ ತಾನು ದೂರವೇ ನಿಂತು ನಾಲಿಗೆಯನ್ನಷ್ಟೇ ಕಳಿಸಿತು. ನಾಲಿಗೆ ಎಳೆದು ಎಳೆದು ಮೈಗಿಂತ ಉದ್ದವಾಯಿತು, ಹುಳವನ್ನು ಮುಟ್ಟಿತು, ತಂದಿತು.

ಬೊಮ್ಮಕ್ಕ ಒಳಗೆ ಬಂದಳು. ಉಳಿದ ಹುಳಗಳು ಹಸಿದಿದ್ದವು. ಕಣ್ಣೊರೆಸಿಕೊಂಡು ಸೊಪ್ಪು ಹಾಕಿದಳು.

ಅವತ್ತಿನಿಂದ ಗೋಸುಂಬೆ ನಡೆದರೆ ಹೋಗಲೋ ಬೇಡವೋ ಅಂತ ತೂಗುತ್ತದೆ, ಒಂದೊಂದು ಕಣ್ಣು ಒಂದೊಂದು ಕಡೆ ತಿರುಗುತ್ತದೆ, ದೂರ ನಿಂತೇ ನಾಲಿಗೆ ಚಾಚುತ್ತದೆ. ಮತ್ತೆ ನಮ್ಮ ತಟ್ಟೆಯ ಹುಳ, ಮೇಲೆ ಮುಚ್ಚಳವಿಲ್ಲದಿದ್ದರೂ ಎಲ್ಲಿಗೂ ಹೋಗದೆ, ನೀನು ಕೈ ಚಾಚಿದರೆ ನಿನ್ನ ಕಡೆಗೂ ತಲೆ ಎತ್ತುತ್ತದೆ.